ದ್ವೀಪಕ್ಕೆ ಹೊರಟವಳು, ದ್ವೀಪದಿಂದ ಬಂದವನು

(ಗೊರಗುಂಟೆಪಾಳ್ಯ, ಮೆಟ್ರೊ ನಿಲ್ದಾಣದ ಕೆಳಗೆ, ತುಮಕೂರು ರಸ್ತೆಯ ಬದಿ. 2025ರ ಅಕ್ಟೋಬರ್ ಮೊದಲ ವಾರದ ಒಂದು ರಾತ್ರಿ. ಇಬ್ಬರೂ ಪೀಣ್ಯದ ಒಂದೇ ಕಾರ್ಖಾನೆಯವರು. ಅವಳು ಲೆಕ್ಕಪತ್ರದಲ್ಲಿದ್ದು ನಿವೃತ್ತಳಾದವಳು. ಅವನು ಲೇತ್ ಮೇಲೆ ಇನ್ನೂ ದುಡಿಯುತ್ತಿರುವವನು. ಅವಳು ಹೊರಟಿರುವುದು ಅವನ ಊರಿನ ಮನೆಗೆ.)

ಬಂದವನು: ಒಂದು ಮಾತು ಕೇಳ್ತೀನಿ ಅಕ್ಕ, ಬೇಜಾರು ಮಾಡ್ಕೋಬೇಡಿ. ಯಾವಾಗ ನೋಡಿದ್ರೂ ಗ್ರೀಸು, ಗ್ರೀಸು ಅಂತಿದ್ದವರು ಈಗ ಸಾಗರದ ಬಸ್ಸಿಗೆ ಕಾಯ್ತಾ ನಿಂತಿದ್ದೀರಿ. ನಮ್ಮ ತುಮರಿ ಕಡೆ ಬಿಳೀ ಗೋಡೆ, ನೀಲಿ ಬಾಗಿಲು ಯಾವುದೂ ಇಲ್ಲ.

ಹೊರಟವಳು: ಗೋಡೆ ನೋಡೋಕೆ ಯಾರು ಹೊರಟರು? ನನಗೆ ಬೇಕಾಗಿದ್ದದ್ದು ಒಂದು ದ್ವೀಪ, ನಾಲ್ಕು ತಿಂಗಳು, ಒಬ್ಬಳೇ. ಮಗಳೂ ನಾನೂ ಕೂತು ಲೆಕ್ಕ ಹಾಕಿದ್ವಿ. ಪ್ರವಾಸದ ವೀಸಾದಲ್ಲಿ 180 ದಿನದೊಳಗೆ 90 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ದೂರದಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡೋರಿಗೆ ಬೇರೆ ವೀಸಾ ಇದೆ, ಅದಕ್ಕೆ ತಿಂಗಳಿಗೆ 3,500 ಯೂರೊ ವರಮಾನ ತೋರಿಸಬೇಕು. ನನ್ನ ಪಿ.ಎಫ್. ಪಿಂಚಣಿ ಚೀಟಿ ತೋರಿಸಿದ್ರೆ ಆ ಅಧಿಕಾರಿ ಪಾಪ ಅಂತ ಕಾಫಿ ಕುಡಿಸಿ ಕಳಿಸ್ತಾನೆ.

ಬಂದವನು: ಅಂದ್ರೆ ದುಡ್ಡು ಸಾಲದೆ ನಮ್ಮೂರು.

ಹೊರಟವಳು: ಅದೂ ಒಂದು. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಓದ್ತಾ ಓದ್ತಾ ಇನ್ನೊಂದು ಗೊತ್ತಾಯ್ತು. ಅಲ್ಲಿಯ ಸಣ್ಣ ದ್ವೀಪಗಳು ಬೇಸಿಗೇಲಿ ಜಾತ್ರೆ, ಚಳಿಗಾಲದಲ್ಲಿ ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತೆ. ಗಾಳಿ ಜೋರಾದ್ರೆ ಹಡಗು ಬಿಡಲ್ಲ. ತರಕಾರಿ, ಔಷಧಿ, ಗ್ಯಾಸು ಎಲ್ಲಾ ಆ ಹಡಗಲ್ಲೇ ಬರಬೇಕು. ಒಬ್ಬಳೇ ಹೋಗಿ ನೆಲೆಸಬೇಕು ಅಂದ್ರೆ ಮೊದಲು ಕಲೀಬೇಕಾದ್ದು ಹಡಗಿನ ವೇಳಾಪಟ್ಟಿ. ಅದನ್ನ ಓದುವಾಗ ನೀನು ಊಟದ ಹೊತ್ತಲ್ಲಿ ಹೇಳ್ತಿದ್ದ ಲಾಂಚ್ ಕತೆಗಳು ನೆನಪಾದ್ವು.

ಬಂದವನು: ಅವು ಕತೆ ಅಂತ ಹೇಳಿದ್ದಲ್ಲ ಅಕ್ಕ, ಗೋಳು ಅಂತ ಹೇಳಿದ್ದು. ನೀವು ನಗ್ತಾ ಕೇಳಿದ್ರಿ, ನಾನೂ ನಗಿಸ್ತಾ ಹೇಳ್ದೆ.

ಹೊರಟವಳು: ಈಗ ನಗಿಸದೆ ಹೇಳು. ಬಸ್ಸು ಬರೋದು ಇನ್ನೂ ತಡ ಇದೆ.

ಬಂದವನು: ತಡ ಇರೋದೇ. ಟಿಕೆಟ್ಟಲ್ಲಿ ಬರೆದಿರೋ ಹೊತ್ತು ಮೆಜೆಸ್ಟಿಕ್ಕಿನದು. ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ಏನೇನಾಗುತ್ತೋ. ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಅಂತ 2014ರಲ್ಲೇ ಅಷ್ಟು ದೊಡ್ಡದಾಗಿ ಕಟ್ಟಿದ್ರು, ಶಿವಮೊಗ್ಗದವರು, ಹುಬ್ಬಳ್ಳಿಯವರು ಮಾತ್ರ ಈ ಮೆಟ್ರೊ ಕಂಬದ ಬುಡ ಬಿಡಲಿಲ್ಲ. ಸರಿ, ಲಾಂಚು. ಸಾಗರದಿಂದ ಹೊಳೆಬಾಗಿಲು ಅನ್ನೋ ಕಡವಿಗೆ ಬರಬೇಕು. ಈಚೆ ದಡ ಅಂಬಾರಗೋಡ್ಲು, ಆಚೆ ದಡ ಕಳಸವಳ್ಳಿ. ನಡುವೆ ಎರಡು ಕಿಲೋಮೀಟರಿಗಿಂತ ಹೆಚ್ಚು ನೀರು. ಒಂದೇ ಲಾಂಚಿನ ಮೇಲೆ ಬಸ್ಸು, ಜೀಪು, ದನ, ಸಿಲಿಂಡರು, ಮದುವೆ ದಿಬ್ಬಣ, ಸಿಗಂದೂರು ಚೌಡೇಶ್ವರಿಗೆ ಹೊರಟ ಭಕ್ತರು, ಎಲ್ಲ. ಬೇಸಿಗೇಲಿ ನೀರು ಇಳಿದ್ರೆ ವಾಹನ ಹತ್ತಿಸೋದು ಬಂದ್. ರಜಾ ದಿನ ಆದ್ರೆ ಪ್ರವಾಸಿಗರ ಕಾರಿನ ಸಾಲು, ಊರಿನವನು ಅದರ ಹಿಂದೆ. ಸಂಜೆ ಕೊನೇ ಲಾಂಚ್ ಹೋಯ್ತು ಅಂದ್ರೆ ಮುಗೀತು.

ಹೊರಟವಳು: ಮುಗೀತು ಅಂದ್ರೆ?

ಬಂದವನು: ಆಚೆ ಇದ್ದವನು ಆಚೆ, ಈಚೆ ಇದ್ದವನು ಈಚೆ. ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂದದ್ದು ರಾತ್ರಿ ಊಟ ಆದ ಮೇಲೆ. ಘಟ್ಟದ ಕಡೆಯಿಂದ ಸುತ್ತಿಹೋಗೋಕೆ ಆವತ್ತು ಜೀಪು ಸಿಗಲಿಲ್ಲ. ಬೆಳಗಿನ ಮೊದಲ ಲಾಂಚಿಗೆ ಕಡವಿನಲ್ಲಿ ಕೂತ್ವಿ. ಲಾಂಚ್ ಹೊತ್ತಿಗೆ ಸರಿಯಾಗಿ ಬಂತು. ಅವರಿಗೆ ಬೇಕಾಗಿರಲಿಲ್ಲ.

ಹೊರಟವಳು: ಇದನ್ನ ಯಾವತ್ತೂ ಹೇಳಿರಲಿಲ್ಲ ನೀನು.

ಬಂದವನು: ಊಟದ ಹೊತ್ತಲ್ಲಿ ಹೇಳೋ ಮಾತಲ್ಲ. ಈಗಲೂ ಹೇಳ್ತಿರಲಿಲ್ಲ. ಮೊನ್ನೆ ನೀವು ಫೋನಲ್ಲಿ ಅಂದ್ರಲ್ಲ, ಸೇತುವೆ ಆಗೋಕೆ ಮುಂಚೆ ಹೋಗಬೇಕಿತ್ತು, ಲಾಂಚಲ್ಲಿ ಹೋಗಿ ಇಳಿಯೋ ಸುಖ ತಪ್ಪಿತು ಅಂತ. ಆವತ್ತಿನಿಂದ ಗಂಟಲಲ್ಲಿತ್ತು. ಜುಲೈ 14ನೇ ತಾರೀಖು ಕೇಂದ್ರ ಮಂತ್ರಿ ಗಡ್ಕರಿ ಬಂದು ಉದ್ಘಾಟನೆ ಮಾಡಿದ್ರು. 473 ಕೋಟಿ ರೂಪಾಯಿ ಖರ್ಚು, ತಂತಿ ಕಟ್ಟಿ ನಿಲ್ಲಿಸಿದ ಸೇತುವೆ. ಶರಾವತಿಗೆ ಅಡ್ಡ ಕಟ್ಟಿ ಈ ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಡುವಿನ ಅರವತ್ತೊಂದು ವರ್ಷ ಜನ ಕಡವಿನಲ್ಲಿ ಕಾದರು. ಆವತ್ತು ನಮ್ಮಮ್ಮ ಸೇತುವೆ ಮೇಲೆ ಹೋಗಿ ಬರೀ ಕಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದಳು, ಮೊಣಕಾಲು ನೋವಿದ್ದರೂ. ಆಮೇಲೆ ಪೇಟೆಯ ಒಬ್ಬರು ಕ್ಯಾಮೆರಾ ಹಿಡ್ಕೊಂಡು ಬಂದು, ಲಾಂಚಿನ ಸೊಗಸೇ ಬೇರೆ ಇತ್ತು ಅಲ್ವಾ ಅಜ್ಜಿ ಅಂತ ಕೇಳಿದ್ರಂತೆ.

ಹೊರಟವಳು: ಅಮ್ಮ ಏನಂದ್ರು?

ಬಂದವನು: ಹೌದು, ಕೂತು ನೋಡೋರಿಗೆ ಅಂದ್ಲು.

ಹೊರಟವಳು: ಒಪ್ಕೊಂಡೆ. ಆದ್ರೆ ನನ್ನ ಕಡೆಯಿಂದಲೂ ಒಂದು ಮಾತು ಕೇಳು. ನಾನು ಈ ಗೊರಗುಂಟೆಪಾಳ್ಯದಲ್ಲಿ ಮದುವೆಯಾಗಿ ಬಂದಾಗಿನಿಂದ ಇದ್ದೀನಿ. ರಿಂಗ್ ರೋಡು ಬಂದು ತುಮಕೂರು ರಸ್ತೆಗೆ ಗುದ್ದೋದು ಇಲ್ಲಿ, ಫ್ಲೈಓವರ್ ಏಳೋದು ಇಲ್ಲಿ, ಮೇಲೆ ಮೆಟ್ರೊ. ಸಂಜೆ ಗಾರ್ಮೆಂಟ್ಸ್ ಬಿಟ್ಟಾಗ ಹೆಣ್ಣುಮಕ್ಕಳ ಜೊತೆ ರಸ್ತೆ ದಾಟೋದಿದೆಯಲ್ಲ, ಅದೂ ಒಂದು ಕಡವೇ, ಸೇತುವೆ ಇಲ್ಲದ್ದು. ಗ್ರೀಸಿನಲ್ಲಿ ಹೈಡ್ರಾ ಅಂತ ಒಂದು ದ್ವೀಪ. ಅಲ್ಲಿ ಕಾರು, ಬೈಕು ಓಡಿಸೋ ಹಾಗಿಲ್ಲ, ಸಾಮಾನೆಲ್ಲ ಕತ್ತೆ, ಹೇಸರಗತ್ತೆಗಳ ಮೇಲೆ. ಲಿಯೊನಾರ್ಡ್ ಕೊಹೆನ್ ಅಂತ ಕೆನಡಾದ ಕವಿ, ಹಾಡುಗಾರ, 1960ರಲ್ಲಿ ಅಲ್ಲಿ 1,500 ಡಾಲರಿಗೆ ಒಂದು ಮನೆ ಕೊಂಡ. ಕರೆಂಟಿಲ್ಲ, ನಲ್ಲಿ ಇಲ್ಲ. ಅದನ್ನ ಓದಿದ ದಿನದಿಂದ ನನಗೆ ಹುಚ್ಚು ಹಿಡೀತು. ಹಾರ್ನ್ ಇಲ್ಲದ ಒಂದು ಬೆಳಗು ಬೇಕು ಅನ್ನೋದು ಅಷ್ಟು ದೊಡ್ಡ ಪಾಪವಾ?

ಬಂದವನು: ಪಾಪ ಅನ್ನಲಿಲ್ಲ. ಅವನಿಗೆ ಕರೆಂಟು ಬೇಡವಾಗಿತ್ತು, ನಮಗೆ ಬೇಕಾಗಿತ್ತು, ಕೊಡಲಿಲ್ಲ. ಅಣೆಕಟ್ಟು ಕಟ್ಟಿ ಎಷ್ಟೋ ಕಾಲದ ತನಕ ನಮ್ಮ ಮನೇಲಿ ಬುಡ್ಡಿ ದೀಪ. ನಾನು ಓದಿದ್ದು ಅದರಲ್ಲೇ. ಹೈಡ್ರಾದಲ್ಲೂ ಊರಿನವರು ಇದ್ರಲ್ಲ, ಅವರಿಗೆ ಆ ಕತ್ತಲೆ ಹೇಗಿತ್ತು ಅಂತ ಅವನು ಬರೆದಿದ್ದಾನಾ?

ಹೊರಟವಳು: ನಾನು ಓದಿದ್ದರಲ್ಲಿ ಇರಲಿಲ್ಲ. ಆದ್ರೆ ಬೇರೆ ಒಂದು ಸಿಕ್ಕಿತು, ನಿನ್ನ ಮಾತಿಗೆ ಹತ್ತಿರದ್ದು. ನಾವು ಚಿತ್ರದಲ್ಲಿ ನೋಡೋ ಆ ನೀಲಿ ಸಮುದ್ರದಲ್ಲೇ ಮಕ್ರೊನಿಸೊಸ್, ಯಾರೊಸ್ ಅಂತ ದ್ವೀಪಗಳಿವೆ. ಅಂತರ್ಯುದ್ಧದ ಕಾಲದಲ್ಲಿ ಸರ್ಕಾರ ತನಗಾಗದವರನ್ನ ಅಲ್ಲಿಗೆ ಹಾಕ್ತಿತ್ತು. ಯಾನಿಸ್ ರಿತ್ಸೊಸ್ ಅನ್ನೋ ದೊಡ್ಡ ಕವಿ ಮಕ್ರೊನಿಸೊಸ್‌ನಲ್ಲಿ ಬಂದಿಯಾಗಿದ್ದ. 1967ರಲ್ಲಿ ಮಿಲಿಟರಿಯವರು ಅಧಿಕಾರ ಹಿಡಿದಾಗ ಮತ್ತೆ ಹಿಡಿದು ಯಾರೊಸ್, ಲೆರೊಸ್‌ಗೆ ಕಳಿಸಿದ್ರು. ಕೊಹೆನ್‌ಗೆ ಹೈಡ್ರಾದಲ್ಲಿ ಮನೆ ಇದ್ದ ಕಾಲವೇ ಅದು. ಅದೇ ಬಿಸಿಲು, ಅದೇ ನೀರು. ಒಬ್ಬ ಬೇಕು ಅಂತ ಬಂದವನು, ಇನ್ನೊಬ್ಬನನ್ನ ತಂದು ಬಿಟ್ಟದ್ದು.

ಬಂದವನು: ನಮ್ಮನ್ನ ತಂದು ಬಿಡಲಿಲ್ಲ, ಬಿಟ್ಟು ಸುತ್ತ ನೀರು ತುಂಬಿದ್ರು. ಇನ್ನೊಂದು ಹೇಳ್ತೀನಿ, ನೀವು ಹೋಗಿ ಮೋಸಹೋಗೋದು ಬೇಡ. ಅದು ದ್ವೀಪವೇ ಅಲ್ಲ.

ಹೊರಟವಳು: ಇದೇನು ಹೊಸದಾಗಿ?

ಬಂದವನು: ಭೂಪಟ ತೆಗೆದು ನೋಡಿ. ಕರೂರು, ಬಾರಂಗಿ ಹೋಬಳಿಗಳಿಗೆ ನೀರು ಸುತ್ತುಗಟ್ಟಿರೋದು ಮೂರು ಕಡೆ. ಪಡುವಲಲ್ಲಿ ನೆಲವೇ, ಘಟ್ಟ. ಕೋಗಾರಿನಿಂದ ಇಳಿದ್ರೆ ಭಟ್ಕಳ, ನಾಗೋಡಿಯಿಂದ ಇಳಿದ್ರೆ ಕೊಲ್ಲೂರು. ಆದ್ರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲಾ ಇರೋದು ಸಾಗರದಲ್ಲಿ, ನೀರಿನಾಚೆ. ಅದಕ್ಕೇ ಜನ ದ್ವೀಪ ಅಂದ್ರು. ಕೆಲಸ ಇರೋ ದಿಕ್ಕಿಗೆ ದ್ವೀಪ ನಮ್ಮದು.

ಹೊರಟವಳು: ನಾ. ಡಿಸೋಜ ಅವರ ಕಾದಂಬರಿ ಹೆಸರೂ ಅದೇ ಅಲ್ವಾ. ಅದರ ಮೇಲೆ ಕಾಸರವಳ್ಳಿ ತೆಗೆದ ಸಿನಿಮಾ ನೋಡಿದ್ದೆ, ಸೌಂದರ್ಯ ಮಾಡಿದ್ದು. ಮಳೆ, ಮಳೆ, ಬರೀ ಮಳೆ. ಆಗ ನನಗೆ ಹೊಳೆದದ್ದು ಆ ಹೆಂಗಸಿನ ಗಟ್ಟಿತನ ಮಾತ್ರ. ನೀರು ಯಾಕೆ ಏರ್ತಿದೆ ಅಂತ ಕೇಳಿಕೊಳ್ಳಲಿಲ್ಲ.

ಬಂದವನು: ಡಿಸೋಜ ಅವರು ಶರಾವತಿ ಅಣೆಕಟ್ಟಿನ ಯೋಜನೆ ಕಾಲದಲ್ಲಿ ಅಲ್ಲೇ ಸರ್ಕಾರಿ ನೌಕರಿಯಲ್ಲಿದ್ದವರು, ಕಣ್ಣಾರೆ ಕಂಡು ಬರೆದವರು. 2019ರಲ್ಲಿ ಲಿಂಗನಮಕ್ಕಿ ನೀರನ್ನ ಬೆಂಗಳೂರಿಗೆ ತರ್ತೀವಿ ಅಂತ ಮಾತು ಬಂದಾಗ, ಆ ವಯಸ್ಸಿನಲ್ಲಿ ಹೋರಾಟದ ಮುಂದೆ ನಿಂತಿದ್ರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಈ ವರ್ಷ ಜನವರಿಯಲ್ಲಿ ತೀರಿಕೊಂಡ್ರು, ಸೇತುವೆ ನೋಡಲಿಲ್ಲ. ನೀರು ಯಾಕೆ ಏರಿತು ಅಂದ್ರಿ. ಎರಡು ಸಲ ಏರಿದೆ. ಮೊದಲು ಹಿರೇಭಾಸ್ಕರ ಅಣೆಕಟ್ಟು, ಜೋಗದ ಹಳೇ ವಿದ್ಯುತ್ ಕೇಂದ್ರಕ್ಕೆ, 1948ರ ಸುಮಾರಿಗೆ. ನಮ್ಮಜ್ಜ ಒಂದು ಸಲ ಮನೆ ಕಿತ್ತು ಮೇಲೆ ಕಟ್ಟಿದ. ಆಮೇಲೆ ಲಿಂಗನಮಕ್ಕಿ. ಅದರ ಪೂರ್ತಿ ಮಟ್ಟ 1,819 ಅಡಿ, ಹಿಡಿಯೋದು 151 ಟಿಎಂಸಿ ಮೇಲೆ. ಹಳೇ ಅಣೆಕಟ್ಟೇ ಮುಳುಗಿಹೋಯ್ತು, ಅಜ್ಜನ ಎರಡನೇ ಮನೆ ಯಾವ ಲೆಕ್ಕ. ಎಷ್ಟೋ ಸಂಸಾರಗಳನ್ನ ಲಾರಿಗೆ ತುಂಬಿ ಸೊರಬ, ಶಿವಮೊಗ್ಗ, ಭದ್ರಾವತಿ ಕಡೆ ಕಾಡಲ್ಲಿ ಇಳಿಸಿ ಬಂದ್ರು. ಅಜ್ಜ ಲಾರಿ ಹತ್ತಲಿಲ್ಲ, ಗುಡ್ಡ ಹತ್ತಿದ. ನೀವು ಹೋಗಿ ಇರೋದು ಆ ಮೂರನೇ ಮನೇಲಿ.

ಹೊರಟವಳು: ಮೊದಲಿನವು ಕಾಣುತ್ತಾ?

ಬಂದವನು: ಮಳೆ ಕೈಕೊಟ್ಟ ವರ್ಷ, ಏಪ್ರಿಲ್ ಮೇ ಹೊತ್ತಿಗೆ, ಹಿರೇಭಾಸ್ಕರದ ಕಟ್ಟೆ ಎದ್ದು ನಿಲ್ಲುತ್ತೆ. ಜನ ಸೆಲ್ಫಿಗೆ ಹೋಗ್ತಾರೆ. ಒಣಗಿದ ಮರದ ಬೊಡ್ಡೆ ಸಾವಿರಗಟ್ಟಲೆ. ನೀವು ಜನವರಿ ಮುಗಿದ್ರೆ ವಾಪಸ್ಸು, ನಿಮಗೆ ತುಂಬಿದ ಹೊಳೆಯೇ ಸಿಗೋದು. ಚಂದ ಕಾಣುತ್ತೆ.

ಹೊರಟವಳು: ಗ್ರೀಸಿನಲ್ಲೂ ಒಂದಿದೆ, ಕಾಲ್ಲಿಯೊ ಅನ್ನೋ ಊರು. ಆಥೆನ್ಸ್ ನಗರಕ್ಕೆ ಕುಡಿಯೋ ನೀರು ಬೇಕು ಅಂತ ಮೋರ್ನೊಸ್ ಹೊಳೆಗೆ ಅಡ್ಡ ಕಟ್ಟಿದಾಗ ಮುಳುಗಿತು. 2024ರ ಬರದಲ್ಲಿ ಮನೆಗಳ ಗೋಡೆ ಮತ್ತೆ ಕಂಡವಂತೆ. ನಾನು ಹುಡುಕ್ತಿದ್ದದ್ದು ದ್ವೀಪದ ಬಾಡಿಗೆ, ಸಿಕ್ಕಿದ್ದು ಇದು.

ಬಂದವನು: ರಾಜಧಾನಿಗಳ ಬುದ್ಧಿ ಎಲ್ಲಾ ಕಡೆ ಒಂದೇ ಅಂತಾಯ್ತು. ನಮ್ಮ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದು. ಆ ಕರೆಂಟು ಎಲ್ಲಿಗೆ ಬರ್ತಿತ್ತು ಗೊತ್ತಾ? ಪೀಣ್ಯದಲ್ಲಿ ಎಸ್.ಆರ್.ಎಸ್. ಅಂತ ಸ್ಟೇಷನ್ ಇದೆಯಲ್ಲ, ದಿನಾ ಅದರ ಹೆಸರಿನ ಸ್ಟಾಪಲ್ಲಿ ಇಳೀತಿದ್ರಿ.

ಹೊರಟವಳು: ಅದು ಯಾರದೋ ಹೆಸರು ಅಂದ್ಕೊಂಡಿದ್ದೆ.

ಬಂದವನು: ಶರಾವತಿ ರಿಸೀವಿಂಗ್ ಸ್ಟೇಷನ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಲೈನ್‌ಮನ್ ಹೇಳಿದ. ನಮ್ಮ ಗದ್ದೆ ಮುಳುಗಿಸಿದ ನೀರಿನ ಕರೆಂಟಲ್ಲೇ ನಾನು ಲೇತ್ ತಿರುಗಿಸಿ ಸಂಬಳ ತಗೊಳ್ತಿದ್ದೀನಿ ಅಂತ ಆವತ್ತು ಗೊತ್ತಾಯ್ತು. ಸಿಟ್ಟು ಬಂತಾ ಅಂದ್ರೆ, ಇಲ್ಲ. ಸಂಬಳದ ದಿನ ಅದು.

ಹೊರಟವಳು: ಇಷ್ಟೆಲ್ಲ ಹೇಳಿ, ನಾನು ಹೋಗಬಾರದು ಅಂತಲಾ ನಿನ್ನ ಮಾತಿನ ಅರ್ಥ?

ಬಂದವನು: ಹೋಗಬಾರದು ಅಂತಿದ್ರೆ ಬೀಗದ ಕೈ ಯಾಕೆ ಕೊಡ್ತಿದ್ದೆ. ಅಲ್ಲಿ ಯಾರೂ ಇಲ್ಲ, ಏನೂ ಇಲ್ಲ, ನಿಶ್ಶಬ್ದ ಅಂತ ತಿಳ್ಕೊಂಡು ಹೋಗಬೇಡಿ, ಅಷ್ಟೇ. ಪ್ರವಾಸಕ್ಕೆ ಬಂದವರಿಗೆ ನಮ್ಮೂರು ಖಾಲಿ ಕಾಣುತ್ತೆ. ನಾಲ್ಕು ತಿಂಗಳು ಇರೋರಿಗೆ ಹಾಗೆ ಕಾಣೋಕೆ ಊರಿನವರು ಬಿಡಲ್ಲ. ನೀವು ಇಳಿದ ಬೆನ್ನಿಗೇ ಭೂಮಿ ಹುಣ್ಣಿಮೆ. ನಮ್ಮ ದೀವರ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯೋ ಮೊದಲೇ ಗದ್ದೆಗೆ ಚರಗ ಚೆಲ್ಲೋಕೆ ಹೋಗ್ತಾರೆ. ಪಕ್ಕದ ಮನೆ ಚಿಕ್ಕಮ್ಮ ನಿಮ್ಮನ್ನ ಎಬ್ಬಿಸದೆ ಇರಲ್ಲ. ಹದಿನೈದು ದಿನಕ್ಕೆ ದೀಪಾವಳಿ. ರಾತ್ರಿ ಹೊತ್ತಲ್ಲಿ ಹತ್ತು ಜನ ಗಂಡಸರು ಹಾಡ್ತಾ ಬಂದು ಬಾಗಿಲಲ್ಲಿ ನಿಂತ್ರೆ ಹೆದರಬೇಡಿ.

ಹೊರಟವಳು: ಹೆದರದೆ?

ಬಂದವನು: ಅಂಟಿಗೆ ಪಂಟಿಗೆಯವರು. ದೀಪ ತಂದಿರ್ತಾರೆ. ಆ ದೀಪಕ್ಕೆ ಎಣ್ಣೆ ಎರೀರಿ, ಅಕ್ಕಿಯೋ ದುಡ್ಡೋ ಕೊಡಿ, ನಿಮ್ಮ ದೀಪ ಅದರಿಂದ ಹಚ್ಕೊಳ್ಳಿ. ಒಂದು ಸೀಸೆ ಎಣ್ಣೆ ಎತ್ತಿಟ್ಟಿರಿ, ಆ ಹೊತ್ತಲ್ಲಿ ಅಂಗಡಿ ಇರಲ್ಲ. ಆಮೇಲೆ ಕೊನೆ ಕೊಯ್ಲು ಶುರು. ಅಡಿಕೆ ಸುಲಿಯೋಕೆ ರಾತ್ರಿ ಅಂಗಳದಲ್ಲಿ ಎಲ್ಲಾ ಸೇರ್ತಾರೆ. ಕರೀತಾರೆ ನಿಮ್ಮನ್ನ. ಹೋಗಿ, ಆದ್ರೆ ಮೆಟ್ಟುಗತ್ತಿ ಮುಟ್ಟೋಕೆ ಅವಸರ ಬೇಡ, ಬೆರಳು ಹೋಗುತ್ತೆ. ಕೂತು ಮಾತಾಡಿದ್ರೆ ಸಾಕು. ಊರಿನ ಸುದ್ದಿಯೆಲ್ಲ ಅಲ್ಲೇ ಸುಲಿಯೋದು.

ಹೊರಟವಳು: ನಾನು ಒಬ್ಬಳೇ ಇರೋಕೆ ಅಂತ ಹೊರಟವಳು ಮಾರಾಯ. ನಮ್ಮಕ್ಕ ಆಗಲೇ ಕೇಳಿದ್ಲು, ಇದೇನೇ ವಾನಪ್ರಸ್ಥವಾ ಅಂತ. ಗಂಡಸರು ಹೋದ್ರೆ ವಾನಪ್ರಸ್ಥ, ಹೆಂಗಸು ಹೋದ್ರೆ ಮನೇಲಿ ಏನೋ ಜಗಳ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಇನ್ನೊಬ್ಬರ ಊಟದ ಹೊತ್ತಿಗೆ ಸರಿಯಾಗಿ ಕುಕ್ಕರ್ ಇಡೋದನ್ನ ನಾಲ್ಕು ತಿಂಗಳು ನಿಲ್ಲಿಸಿ ನೋಡಬೇಕು. ಇವರು ಹೋದ ಮೇಲೂ ಕೈ ಅದೇ ಹೊತ್ತಿಗೆ ಕುಕ್ಕರಿಗೆ ಹೋಗುತ್ತೆ.

ಬಂದವನು: ಹಾಗಾದ್ರೆ ಅದಕ್ಕೆ ಊರು ಸರಿಯಾಗಿದೆ. ಕುಕ್ಕರಿನ ಹೊತ್ತು ನೀವೇ ಇಟ್ಕೊಳ್ಳಿ, ಉಳಿದ ಹೊತ್ತು ಬೇರೆಯವರ ಕೈಯಲ್ಲಿ. ನೀರು ಗುಡ್ಡದ ಅಬ್ಬಿಯಿಂದ ಪೈಪಲ್ಲಿ ಬರುತ್ತೆ. ಎಲೆ ಸಿಕ್ಕಿ ನಿಂತ್ರೆ ಮೇಲೆ ಹತ್ತಿ ಬಿಡಿಸಬೇಕು, ನೀವು ಹತ್ತಬೇಡಿ, ಚಿಕ್ಕಮ್ಮನ ಮಗನಿಗೆ ಹೇಳಿ. ಗಾಳಿ ಮಳೆಗೆ ಕರೆಂಟು ಹೋದ್ರೆ ಯಾವಾಗ ಬರುತ್ತೆ ಅಂತ ಕೇಳಬೇಡಿ. ಕರೆಂಟು ಹುಟ್ಟೋ ಸೀಮೆ, ಅಲ್ಲೇ ನಿಲ್ಲಲ್ಲ. ಮೊಬೈಲು ಅಂಗಳದ ಹಲಸಿನ ಮರದ ಹತ್ತಿರ ಸ್ವಲ್ಪ ಹಿಡಿಯುತ್ತೆ. ದಿನಸಿ ತುಮರಿಯಲ್ಲೋ ಬ್ಯಾಕೋಡಿನಲ್ಲೋ. ಡಿಸೆಂಬರ್ ಆದ ಮೇಲೆ ಕಾಡಿನ ಅಂಚಿಗೆ ಹೋಗೋದು ಕಡಿಮೆ ಮಾಡಿ. ಹೋಗಲೇಬೇಕು ಅಂದ್ರೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಕೊಳ್ಳಿ, ಆರೋಗ್ಯ ಇಲಾಖೆಯವರೇ ಕೊಡ್ತಾರೆ.

ಹೊರಟವಳು: ಸೊಳ್ಳೆಗಾ?

ಬಂದವನು: ಉಣುಗಿಗೆ. ಮಂಗನ ಕಾಯಿಲೆ ತರೋದು ಅದು. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮೊದಲು ಕಂಡದ್ದು, ಈಗಲೂ ಬೇಸಿಗೆ ಬಂದ್ರೆ ನಮ್ಮ ಕಡೆ ಹೆದರಿಕೆ. ಅರಳಗೋಡಿನಲ್ಲಿ 2019ರಲ್ಲಿ ಹೇಗೆ ಬಂತು ಅಂತ ಪೇಪರಲ್ಲಿ ಓದಿರ್ತೀರಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗಬೇಡಿ, ತಕ್ಷಣ ಯಾರಿಗಾದ್ರೂ ಹೇಳಿ. ಜ್ವರ ಬಂದ್ರೆ ಮಾತ್ರೆ ನುಂಗಿ ಮಲಗೋದು ಬೇಡ, ಆಸ್ಪತ್ರೆಗೆ ಹೋಗಿ. ಈಗ ಸೇತುವೆ ಇದೆ.

ಹೊರಟವಳು: ಎಲ್ಲಾ ಬರ್ಕೊಂಡೆ. ಇನ್ನು ನೀನು ಜಾರಿಕೊಳ್ತಿರೋ ವಿಷಯ. ಬಾಡಿಗೆ ಎಷ್ಟು ಅಂತ ಹೇಳಲಿಲ್ಲ. ಲೆಕ್ಕದವಳು ನಾನು, ಚೀಟಿ ಇಲ್ಲದ ವ್ಯವಹಾರ ನಿದ್ದೆ ಕೆಡಿಸುತ್ತೆ. ಛಾಪಾ ಕಾಗದವನ್ನೂ ತಂದಿದ್ದೀನಿ. ನಾಲ್ಕು ತಿಂಗಳ ಕರಾರು, ನೀನು ಮಾಲೀಕ ಅಂತ ಒಂದು ಸಹಿ ಹಾಕು.

ಬಂದವನು: ದುಡ್ಡು ಅಮ್ಮನ ಕೈಗೆ ಎಷ್ಟು ಕೊಟ್ರೂ ಕೊಡಿ. ಸಹಿ ಮಾತ್ರ ಬೇಡ ಅಕ್ಕ.

ಹೊರಟವಳು: ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?

ಬಂದವನು: ಮಾಲೀಕ ಅಂತ ಬರೆಯೋಕೆ ನನ್ನ ಹತ್ರ ಏನಿದೆ? ಅಜ್ಜ ಮುಳುಗಡೆಯಿಂದ ಎದ್ದು ಹೋಗಿ ಕಟ್ಟಿದ ಮನೆ ಅದು. ಆ ಜಾಗ ದಾಖಲೆಯಲ್ಲಿ ಅರಣ್ಯ. ಅಪ್ಪ ಅರ್ಜಿ ಕೊಟ್ಟ, ನಾನೂ ಕೊಟ್ಟಿದ್ದೀನಿ, ಹಕ್ಕುಪತ್ರ ಇನ್ನೂ ಬಂದಿಲ್ಲ. ಶರಾವತಿ ಮುಳುಗಡೆಯವರಲ್ಲಿ ನಾನೊಬ್ಬನೇ ಅಲ್ಲ, ಎಷ್ಟೋ ಸಾವಿರ ಮನೆಗಳ ಕತೆ. ಬಾಡಿಗೆಗೆ ಕೊಟ್ಟಿದ್ದೇನೆ ಅಂತ ಕಾಗದ ಹುಟ್ಟಿದ್ರೆ ಅದೇ ನಾಳೆ ನನಗೆ ಮುಳುವಾಗುತ್ತೆ.

ಹೊರಟವಳು: ಅಲ್ಲಪ್ಪ, ಯಾರಾದ್ರೂ ಬಂದು ನೀವು ಯಾರು ಅಂತ ಕೇಳಿದ್ರೆ?

ಬಂದವನು: ನೆಂಟರು ಅನ್ನಿ.

ಹೊರಟವಳು: ಯಾವ ಕಡೆಯಿಂದ ಅಂದ್ರೆ? ನಿಮ್ಮ ಕಡೆ ಅದನ್ನ ಕೇಳದೆ ಬಿಡ್ತಾರಾ?

ಬಂದವನು: ಕರೆಂಟಿನ ಕಡೆಯಿಂದ ಅನ್ನಿ. ಇಲ್ಲ, ಬೇಡ, ನಮ್ಮೂರಿನವರಿಗೆ ತಮಾಷೆ ಬೇಗ ತಾಗುತ್ತೆ. ನಮ್ಮ ಹುಡುಗನ ಕಾರ್ಖಾನೆಯ ಅಕ್ಕ ಅಂದ್ರೆ ಸಾಕು, ಅಮ್ಮ ಆಗಲೇ ನಾಲ್ಕು ಮನೆಗೆ ಹೇಳಿಟ್ಟಿದ್ದಾಳೆ. ಬ್ಯಾಗು ಎತ್ಕೊಳ್ಳಿ, ಅದೋ ಆ ಲಾರಿ ಹಿಂದೆ, ಸಾಗರದ ಬೋರ್ಡು. ಡ್ರೈವರಿಗೆ ಕೈ ತೋರಿಸಬೇಕು, ಇಲ್ಲ ಅಂದ್ರೆ ನಿಲ್ಲಿಸದೆ ಫ್ಲೈಓವರ್ ಹತ್ತಿಬಿಡ್ತಾನೆ.